ಹಳೆಯ ಮಂಚ, ಹಳೆಯ ನಂಬಿಕೆ

ಬೆಂಗಳೂರಿನ ಶಿವಾಜಿನಗರದ ಹಳೇ ಫರ್ನಿಚರ್ ಅಂಗಡಿಗಳ ಮುಂದೆ ಸ್ವಲ್ಪ ಹೊತ್ತು ನಿಂತರೆ ಎರಡು ಬಗೆಯ ಗಿರಾಕಿಗಳು ಕಾಣುತ್ತಾರೆ. ಕೆಲವರು ಹೊಳೆಯುವುದೆಲ್ಲ ತೇಗವೆಂದು ನಂಬಿ ಹೆಚ್ಚು ದುಡ್ಡು ಕೊಟ್ಟು ಒಯ್ಯುತ್ತಾರೆ. ಇನ್ನು ಕೆಲವರು ಕಾಲು ಅಲುಗಾಡಿತೆಂದೋ, ಎರಡು ತೂತು ಕಂಡವೆಂದೋ, ಯಾರು ಮಲಗಿದ್ದ ಮಂಚವೋ ಏನೋ ಎಂದೋ ಒಳ್ಳೆಯ ಸಾಮಾನನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಆಮೇಲೆ ಕಂತಿನ ಮೇಲೆ ಪಾರ್ಟಿಕಲ್ ಬೋರ್ಡಿನ ಹೊಸ ಮಂಚ ಕೊಳ್ಳುತ್ತಾರೆ. ಎರಡು ಬಾಡಿಗೆ ಮನೆ ಬದಲಿಸುವಷ್ಟರಲ್ಲಿ ಅದರ ಸ್ಕ್ರೂಗಳು ಹಿಡಿತ ಬಿಟ್ಟಿರುತ್ತವೆ.

ಈ ಎರಡೂ ಗುಂಪಿನಲ್ಲಿ ನಾವೂ ಇದ್ದವರೇ. ಮನೆಯ ಹಿರಿಯರಿಂದ, ಪಕ್ಕದ ಮನೆಯವರಿಂದ, ಅಂಗಡಿಯವರಿಂದ ಕೇಳಿದ್ದನ್ನು ಪರೀಕ್ಷಿಸದೆ ನಂಬಿದವರೇ. ಆದರೆ ಇನ್ನೂ ಒಂದು ತಲೆಮಾರು ಬಾಳಬಹುದಾದ ಕುರ್ಚಿಗಳು ಸೌದೆಯಾಗುವುದನ್ನು ನೋಡಿದಾಗ ಸುಮ್ಮನಿರಲಾಗುವುದಿಲ್ಲ. ಆ ನಂಬಿಕೆಗಳನ್ನು ಒಂದೊಂದಾಗಿ ಎತ್ತಿಕೊಳ್ಳೋಣ.

ತಪ್ಪು ಕಲ್ಪನೆ: ಎತ್ತಲಾಗದಷ್ಟು ಭಾರವಿದ್ದರೆ ಒಳ್ಳೆಯ ಮರ, ಹಗುರವಿದ್ದರೆ ಕಳಪೆ.

ವಾಸ್ತವ: ತೇಗ ಅಂಥ ಭಾರದ ಮರವೇ ಅಲ್ಲ. ಒಣಗಿದ ತೇಗ ಒಂದು ಘನ ಮೀಟರಿಗೆ ಸುಮಾರು 650 ಕಿಲೋ ತೂಗುತ್ತದೆ. ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಎಂಡಿಎಫ್ ಹಲಗೆ 700ರಿಂದ 800 ಕಿಲೋ ತೂಗುತ್ತದೆ. ಎಂದರೆ, ತೂಕವನ್ನೇ ನಂಬಿದರೆ ತೇಗದ ಮೇಜನ್ನು ಬಿಟ್ಟು ಎಂಡಿಎಫ್ ಮೇಜನ್ನು ಮನೆಗೆ ತಂದುಕೊಳ್ಳುತ್ತೇವೆ. ಬೀಟೆ, ಮತ್ತಿ, ಹೊನ್ನೆ ಭಾರದ ಮರಗಳು ನಿಜ. ಆದರೆ ಮರ ಯಾವುದೆಂದು ಹೇಳುವುದು ತೂಕವಲ್ಲ, ಅದರ ಎಳೆ. ಸಾಮಾನನ್ನು ತಲೆಕೆಳಗೆ ಮಾಡಿ, ಪಾಲಿಶ್ ತಾಗದ ತಳ ನೋಡಬೇಕು. ಡ್ರಾಯರ್ ಪೂರ್ತಿ ಹೊರಗೆಳೆದು ಅದರ ಹಿಂಬದಿ ನೋಡಬೇಕು. ಹಲಗೆಯ ಮೇಲ್ಮೈಯಲ್ಲಿ ಓಡುವ ಗೆರೆಗಳು ಅಂಚಿಗೆ ಬಂದಾಗ ಕಡಿದ ಕೊನೆಯಾಗಿ ಮುಂದುವರಿದರೆ ಅದು ಗಟ್ಟಿ ಮರ. ಅಂಚಿನಲ್ಲಿ ಪದರಗಳು ಕಂಡರೆ ಪ್ಲೈವುಡ್, ಒತ್ತಿದ ಚೂರುಗಳು ಕಂಡರೆ ಪಾರ್ಟಿಕಲ್ ಬೋರ್ಡ್. ಅಂಚಿಗೆ ಪಟ್ಟಿ ಅಂಟಿಸಿದ್ದರೆ ಸ್ಕ್ರೂ ತೂತಿನ ಒಳಗೆ ಟಾರ್ಚ್ ಬಿಟ್ಟು ನೋಡಿ, ಅಲ್ಲಿ ಏನನ್ನೂ ಮುಚ್ಚಿಡಲಾಗದು.

ತಪ್ಪು ಕಲ್ಪನೆ: ಕಪ್ಪಗೆ, ಹೊಳಪಾಗಿ ಕಂಡರೆ ಅದು ಬೀಟೆ.

ವಾಸ್ತವ: ಕಪ್ಪು ಬಣ್ಣ ಡಬ್ಬಿಯಲ್ಲಿ ಸಿಗುತ್ತದೆ. ಮಾವಿನ ಮರಕ್ಕೂ ಸಿಲ್ವರ್ ಓಕ್‌ಗೂ ಗಾಢ ಬಣ್ಣ ಬಳಿದು ಮೇಲೆ ಪಾಲಿಶ್ ಕೊಟ್ಟರೆ ದೂರದಿಂದ ಬೀಟೆಯಂತೆಯೇ ಕಾಣುತ್ತದೆ. ಬೀಟೆಯ ಕಪ್ಪು ಮರದೊಳಗಿನದು: ಕಂದು-ನೇರಳೆ ಮೈಯಲ್ಲಿ ಕಪ್ಪು ಗೆರೆಗಳು ಓಡುತ್ತವೆ, ತಳದಲ್ಲಿ ಚೂರಿಯ ತುದಿಯಿಂದ ಒಂದಿಷ್ಟು ಕೆರೆದರೂ ಅದೇ ಬಣ್ಣ ಕಾಣುತ್ತದೆ. ಬಳಿದ ಬಣ್ಣವಾದರೆ ಕೆರೆದ ಜಾಗ ಬೆಳ್ಳಗೆ ಕಾಣುತ್ತದೆ. ಅಂಗಡಿಯವರು ಈ ಪರೀಕ್ಷೆಗೆ ಒಪ್ಪದಿದ್ದರೆ ಬೀಟೆಯ ಬೆಲೆ ಕೊಡಬೇಕಾಗಿಲ್ಲ. ನಮ್ಮ ಅನುಭವದಲ್ಲಿ ಪಾಲಿಶ್ ಆಗದೆ, ಧೂಳು ಹಿಡಿದು ಹಿಂದಿನ ಸಾಲಿನಲ್ಲಿ ನಿಂತ ಸಾಮಾನೇ ಕೊಳ್ಳಲು ಮೇಲು. ಅದರ ದೋಷಗಳೆಲ್ಲ ಕಣ್ಣಿಗೆ ಕಾಣುತ್ತವೆ, ಬೆಲೆಯೂ ಕಡಿಮೆ. ಹಿಂದಿನ ವಾರವಷ್ಟೇ ಪಾಲಿಶ್ ಆದದ್ದು ಎಂಬ ಮಾತು ಕೇಳಿದಾಗ ಇನ್ನೊಮ್ಮೆ ಬಗ್ಗಿ ನೋಡಬೇಕು.

ಬೀಟೆಯ ಹಳೇ ಕುರ್ಚಿ ಮನೆಯಲ್ಲಿಟ್ಟುಕೊಂಡರೆ ಕೇಸು ಬೀಳುತ್ತದೆ ಎಂಬ ಗಾಳಿಮಾತೂ ಇದೆ. ಅದಕ್ಕೆ ಮೂಲ ಬಹುಶಃ ಅಪಾಯದಲ್ಲಿರುವ ಪ್ರಾಣಿ-ಸಸ್ಯಗಳ ವ್ಯಾಪಾರ ಕುರಿತ ಅಂತರರಾಷ್ಟ್ರೀಯ ಸೈಟ್ಸ್ ಒಪ್ಪಂದ. ಬೀಟೆ ಸೇರಿದ ಡಾಲ್ಬರ್ಜಿಯಾ ಕುಲದ ಮರಗಳೆಲ್ಲ 2017ರ ಜನವರಿಯಿಂದ ಅದರ ನಿಯಂತ್ರಣದ ಪಟ್ಟಿಯಲ್ಲಿವೆ. ಆದರೆ ಆ ಒಪ್ಪಂದ ನಿಯಂತ್ರಿಸುವುದು ದೇಶದ ಗಡಿ ದಾಟುವ ವ್ಯಾಪಾರವನ್ನು, ನಡುಮನೆಯ ಕುರ್ಚಿಯನ್ನಲ್ಲ. ಅಜ್ಜನ ಬೀಟೆ ಮೇಜನ್ನು ವಿದೇಶದ ಮನೆಗೆ ಸಾಗಿಸಬೇಕೆನ್ನುವವರು ಮಾತ್ರ ಮೊದಲೇ ಪರವಾನಗಿಯ ವಿಚಾರ ತಿಳಿದುಕೊಳ್ಳಬೇಕು.

ತಪ್ಪು ಕಲ್ಪನೆ: ಗೆದ್ದಲು ತಿಂದ ಗುರುತಿರುವ ಸಾಮಾನು ತಂದರೆ ಮನೆಗೆಲ್ಲ ಗೆದ್ದಲು ಹತ್ತುತ್ತದೆ. ತೂತುಗಳಿದ್ದರೆ ಮರದ ಕಥೆ ಮುಗಿಯಿತು.

ವಾಸ್ತವ: ಇಲ್ಲಿ ಮೂರು ಬೇರೆ ಬೇರೆ ಹುಳುಗಳನ್ನು ಒಂದೇ ಹೆಸರಿನಲ್ಲಿ ಕರೆದು ನಾವು ಗೊಂದಲ ಮಾಡಿಕೊಂಡಿದ್ದೇವೆ. ಈ ಗೊಂದಲವೇ ಅತಿ ಹೆಚ್ಚು ಒಳ್ಳೆಯ ಮರವನ್ನು ಒಲೆಗೆ ಹಾಕಿಸಿರುವುದು.

ಮೊದಲನೆಯದು ನಮ್ಮ ಊರುಗಳಲ್ಲಿ ಎಲ್ಲೆಡೆ ಕಾಣುವ ಮಣ್ಣಿನ ಗೆದ್ದಲು. ಇದರ ರಾಣಿ ಇರುವುದು ನೆಲದೊಳಗೆ, ಹುತ್ತದಲ್ಲಿ. ಮರಕ್ಕೆ ಬರುವುದು ಕೆಲಸಗಾರ ಹುಳುಗಳು ಮಾತ್ರ, ಅದೂ ತೇವದ ಮಣ್ಣಿನ ಸುರಂಗ ಕಟ್ಟಿಕೊಂಡು. ಸಾಮಾನನ್ನು ಆ ಜಾಗದಿಂದ ಎತ್ತಿ ಮಣ್ಣು ಕೊಡವಿದರೆ ನೆಲದ ಸಂಬಂಧ ಕಡಿಯಿತು. ಉಳಿದ ಹುಳುಗಳು ಒಣಗಿ ಸಾಯುತ್ತವೆ, ಹೊಸ ಮನೆಯಲ್ಲಿ ಹೊಸ ಸಂಸಾರ ಹೂಡಲಾರವು. ಬೀರುವಿನ ಹಿಂಬದಿಯಲ್ಲಿ ಒಣಗಿದ ಮಣ್ಣಿನ ಗೆರೆಯಿದ್ದರೆ ಅದು ಹಳೆಯ ಮನೆಯ ನೆಲದ ದೋಷ. ನಮ್ಮ ಮನೆಗೆ ಗೆದ್ದಲು ಬಂದರೆ ಅದು ನಮ್ಮ ನೆಲದಿಂದ, ನಮ್ಮ ಗೋಡೆಯ ತೇವದಿಂದ ಬರುತ್ತದೆ.

ಎರಡನೆಯದು ಒಣ ಮರದಲ್ಲೇ ಮನೆ ಮಾಡಿಕೊಂಡು ಬದುಕುವ ಗೆದ್ದಲು. ಇದಕ್ಕೆ ಮಣ್ಣು ಬೇಡ. ಕರಾವಳಿಯಂಥ ತೇವದ ಹವೆಯ ಕಡೆ ಹೆಚ್ಚು. ಮರದ ಕೆಳಗೆ ಗಸಗಸೆಯಂಥ ಕಾಳುಗಳು ಉದುರಿದ್ದರೆ ಅದು ಇದರ ಹಿಕ್ಕೆ. ಇದು ಸಾಮಾನಿನ ಜತೆ ಊರು ಬದಲಿಸಬಲ್ಲದು. ಹಿರಿಯರ ಹೆದರಿಕೆ ಇಲ್ಲಿ ಮಾತ್ರ ಪೂರ್ತಿ ಸರಿ. ಇಂಥ ಕಾಳು ಕಂಡ ಸಾಮಾನನ್ನು ಬಿಡುವುದೇ ಒಳ್ಳೆಯದು.

ಮೂರನೆಯದು ಕುಟ್ಟೆ. ಸಣ್ಣ ದುಂಡು ತೂತು, ಅದರಿಂದ ಉದುರುವ ನುಣ್ಣನೆಯ ಪುಡಿ. ಈ ಹುಳುವಿಗೆ ಬೇಕಾದದ್ದು ಮರದ ಹೊರಪದರದ ಬಿಳಿ ಭಾಗದಲ್ಲಿರುವ ಪಿಷ್ಟ. ತೇಗದ, ಬೀಟೆಯ ಒಳಗಿನ ಚೇಗು ಅದಕ್ಕೆ ಸೇರದು. ಆದ್ದರಿಂದ ಒಂದೇ ಕುರ್ಚಿಯಲ್ಲಿ ಬಿಳಿ ಪಟ್ಟಿ ಜರಡಿಯಾಗಿ, ಪಕ್ಕದ ಚೇಗು ಒಂದು ಗೀರೂ ಇಲ್ಲದೆ ಉಳಿದಿರುವುದನ್ನು ನೋಡಬಹುದು. ತೂತು ಎಂದರೆ ಹುಳು ಒಳಗಿದೆ ಎಂದಲ್ಲ. ಹುಳು ರೆಕ್ಕೆ ಬಲಿತು ಹೊರಬಿದ್ದ ದಾರಿ ಅದು. ಎಷ್ಟೋ ಸಲ ಹತ್ತಿಪ್ಪತ್ತು ವರ್ಷಗಳ ಹಿಂದೆಯೇ ಹೋಗಿರುತ್ತದೆ. ಹಳೆಯ ತೂತಿನ ಬಾಯಿ ಕಪ್ಪಗೆ, ಕೊಳೆ ತುಂಬಿಕೊಂಡಿರುತ್ತದೆ. ಹೊಸ ತೂತು ಚೂಪಾಗಿ, ಬಿಳಿಯಾಗಿ ಕಾಣುತ್ತದೆ. ಅನುಮಾನವಿದ್ದರೆ ತೂತುಗಳನ್ನು ಮೇಣದಿಂದ ಮುಚ್ಚಿ, ಕೆಳಗೆ ಕಪ್ಪು ಕಾಗದ ಹಾಸಿ ಕೆಲವು ವಾರ ಹೊರಗಿನ ಜಗಲಿಯಲ್ಲೇ ಇಡಿ. ಪುಡಿ ಬಿದ್ದರೆ ಹುಳು ಜೀವಂತವಾಗಿದೆ.

ಜೀವಂತವಾಗಿದ್ದರೂ ಉಪಾಯವಿದೆ. ಹಳೆಯ ಪಾಲಿಶ್ ತೆಗೆದ ಬರಿ ಮರಕ್ಕೆ ಬೋರಿಕ್ ಆಸಿಡ್ ಮತ್ತು ಬೋರಾಕ್ಸ್ ಬೆರೆಸಿದ ನೀರನ್ನು ಹೀರುವಷ್ಟು ಬಳಿಯಬಹುದು. ಬಣ್ಣದ ಅಂಗಡಿಯಲ್ಲಿ ಸಿಗುವ ಕೀಟನಾಶಕ ದ್ರಾವಣವನ್ನು ಕೈಗವಸು ತೊಟ್ಟು ಸಿರಿಂಜಿನಿಂದ ತೂತಿನೊಳಗೆ ಬಿಡಬಹುದು. ಒಣಗಿದ ಮೇಲೆ ಮುಖ್ಯವಾದ ಒಂದು ಕೆಲಸ ಉಳಿಯುತ್ತದೆ, ಅದನ್ನೇ ಬಹಳ ಜನ ಬಿಡುತ್ತಾರೆ: ತಳಕ್ಕೆ, ಹಿಂಬದಿಗೆ, ಡ್ರಾಯರಿನ ಹೊಟ್ಟೆಗೂ ಪಾಲಿಶ್ ಬಳಿಯಬೇಕು. ಕುಟ್ಟೆ ಮೊಟ್ಟೆ ಇಡುವುದು ಬರಿ ಮರದ ರಂಧ್ರಗಳಲ್ಲಿ. ಮುಂಭಾಗ ಮಾತ್ರ ಹೊಳೆಯಿಸಿ ಹಿಂಬದಿಯನ್ನು ಹಾಗೇ ಬಿಟ್ಟರೆ ಬಾಗಿಲು ತೆರೆದಿಟ್ಟಂತೆಯೇ. ಸ್ಕ್ರೂಡ್ರೈವರ್ ಒತ್ತಿದರೆ ಒಳಕ್ಕೆ ಇಳಿಯುವಷ್ಟು ಕಾಲು ಟೊಳ್ಳಾಗಿದ್ದರೆ ಔಷಧಿ ಸಾಲದು, ಬಡಗಿ ಆ ಕಾಲನ್ನೇ ಬದಲಿಸಬೇಕು.

ತಪ್ಪು ಕಲ್ಪನೆ: ತಿಗಣೆಯಿದ್ದರೆ ಒಂದು ದಿನ ಬಿಸಿಲಿಗೆ ಹಾಕಿ, ಇಲ್ಲವೇ ಸೀಮೆಎಣ್ಣೆ ಹೊಡೆಯಿರಿ.

ವಾಸ್ತವ: ತಿಗಣೆ, ಅದರ ಮೊಟ್ಟೆ ಎರಡೂ ಸಾಯಲು ಸುಮಾರು 50 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು, ಅದೂ ಅವು ಅಡಗಿದ ಜಾಗದೊಳಗೆ. ಬಿಸಿಲು ಮಂಚದ ಮೇಲ್ಮೈಯನ್ನು ಕಾಯಿಸುತ್ತದೆ, ಕೂಡಿಸಿದ ಮೂಲೆಯ ಒಳಗನ್ನಲ್ಲ. ತಿಗಣೆ ನೆರಳಿನ ಕಡೆಗೆ ಸರಿದು ಸಂಜೆಯವರೆಗೆ ಕಾಯುತ್ತದೆ. ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲ ಪ್ರಾಣಿಗೆ ಒಂದು ದಿನದ ಬಿಸಿಲು ದೊಡ್ಡದಲ್ಲ. ಸೀಮೆಎಣ್ಣೆಯಿಂದ ಬೆಂಕಿಯ ಅಪಾಯವಿದೆ, ಮರಕ್ಕೆ ಜಿಡ್ಡು ಹಿಡಿದು ಮುಂದೆ ಪಾಲಿಶ್ ಕಚ್ಚುವುದಿಲ್ಲ. ಮಂಚದ ಭಾಗಗಳನ್ನು ಹೊರಗೇ ಬಿಚ್ಚಿ, ಸಂದುಗಳಿಗೆ, ಸ್ಕ್ರೂ ತೂತುಗಳಿಗೆ ಕುದಿಯುವ ನೀರು ಹೊಯ್ಯುತ್ತಿದ್ದ ಅಜ್ಜಿಯರ ಕ್ರಮ ಇದಕ್ಕಿಂತ ಎಷ್ಟೋ ಸರಿ. ಪಾಲಿಶ್ ಹೇಗೂ ಹೊಸದಾಗಿ ಆಗಬೇಕಿರುವುದರಿಂದ ನೀರಿನ ಕಲೆಗೆ ಹೆದರಬೇಕಿಲ್ಲ. ಚೆನ್ನಾಗಿ ಒಣಗಿದ ಮೇಲಷ್ಟೇ ಜೋಡಿಸಬೇಕು. ಕೊಳ್ಳುವ ಮೊದಲೇ ಟಾರ್ಚ್ ಹಿಡಿದು ಸಂದುಗಳಲ್ಲಿ ಕಪ್ಪು ಚುಕ್ಕೆ, ಕಳಚಿದ ಪೊರೆ ಇದೆಯೇ ನೋಡುವುದು ಇನ್ನೂ ಒಳ್ಳೆಯದು. ಹಳೆಯ ಹಾಸಿಗೆಯನ್ನಂತೂ ಪುಕ್ಕಟೆ ಕೊಟ್ಟರೂ ತರಬೇಡಿ.

ತಪ್ಪು ಕಲ್ಪನೆ: ಸತ್ತವರು ಮಲಗಿದ್ದ ಮಂಚ ಮನೆಗೆ ಬಂದರೆ ಅವರ ಕಷ್ಟ, ಕಾಯಿಲೆ, ಋಣ ಎಲ್ಲವೂ ಹಿಂದೆಯೇ ಬರುತ್ತವೆ.

ವಾಸ್ತವ: ಇದನ್ನು ನಕ್ಕು ತಳ್ಳಿಹಾಕುವುದು ಸರಿಯಲ್ಲ. ಮಂಚ ಎಂದರೆ ಜನ್ಮ, ಮದುವೆ, ಕಾಯಿಲೆ, ಸಾವು ಎಲ್ಲವನ್ನೂ ಕಂಡ ವಸ್ತು. ಅಪರಿಚಿತರ ಮಂಚದ ಬಗ್ಗೆ ಮನಸ್ಸು ಹಿಂಜರಿಯುವುದು ಸಹಜ. ಆದರೆ ನಮ್ಮ ಸಂಪ್ರದಾಯ ನಿಜಕ್ಕೂ ಏನು ಮಾಡುತ್ತದೆ ಎಂದು ನೋಡಬೇಕು. ಉತ್ತರಕ್ರಿಯೆಯಲ್ಲಿ ಶಯ್ಯಾದಾನವೆಂಬುದಿದೆ. ಮಂಚ, ಹಾಸಿಗೆ, ದಿಂಬುಗಳನ್ನು ಸತ್ತವರ ಹೆಸರಿನಲ್ಲಿ ಇನ್ನೊಬ್ಬರಿಗೆ ಕೊಡುತ್ತಾರೆ, ಅವರು ಬಳಸಲೆಂದೇ ಕೊಡುತ್ತಾರೆ. ಸತ್ತವರಿಗೆ ಸಂಬಂಧಿಸಿದ ಮಂಚದಲ್ಲಿ ಮಲಗುವುದು ಕೇಡಾಗಿದ್ದರೆ ಅದು ದಾನವಾಗುತ್ತಿರಲಿಲ್ಲ. ಅಲ್ಲದೆ ಸಂಪ್ರದಾಯಸ್ಥ ಮನೆಗಳಲ್ಲಿ ಪ್ರಾಣ ಹೋಗುವ ಹೊತ್ತಿಗೆ ಮಂಚದಿಂದ ಇಳಿಸಿ, ನೆಲದ ಮೇಲೆ ದರ್ಭೆ ಹಾಸಿ ಮಲಗಿಸುವ ರೂಢಿಯೂ ಇದೆ.

ಇನ್ನೊಂದು ಕಡೆ ನೋಡಿ. ಹಳೆಯ ತೊಟ್ಟಿ ಮನೆ ಕೆಡವಿದಾಗ ಅದರ ಕಂಬ, ಬಾಗಿಲುವಾಡಗಳನ್ನು ದುಬಾರಿ ಬೆಲೆ ಕೊಟ್ಟು ಹೊಸ ಬಂಗಲೆಗೆ ಕೊಂಡೊಯ್ಯುತ್ತಾರೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ನೆಲಸಮವಾಗಲಿದ್ದ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ನಿಲ್ಲಿಸಿ ಒಂದು ಪಾರಂಪರಿಕ ಗ್ರಾಮವನ್ನು ಕಟ್ಟಿದರು. ಆ ಕಂಬಗಳ ಕೆಳಗೆ ಎಷ್ಟು ಜನ ಹುಟ್ಟಿದರೋ, ಎಷ್ಟು ಜನ ಹೋದರೋ. ಯಾರೂ ಕೇಳುವುದಿಲ್ಲ. ಉತ್ತರ ಕರ್ನಾಟಕದಲ್ಲಿ ತೊಟ್ಟಿಲು ಒಂದು ಮನೆಯಿಂದ ಇನ್ನೊಂದು ಮನೆಗೆ, ಅಕ್ಕನಿಂದ ತಂಗಿಗೆ ಹೋಗುತ್ತದೆ. ಮಕ್ಕಳು ಆಡಿ ಬೆಳೆದ ತೊಟ್ಟಿಲು ಬಂತೆಂದು ಸಂತೋಷಪಡುತ್ತಾರೆ. ತೊಟ್ಟಿಲಿಗೆ ಒಳಿತು ಅಂಟಿಕೊಳ್ಳುತ್ತದೆ, ಮಂಚಕ್ಕೆ ಕೆಡುಕು ಅಂಟಿಕೊಳ್ಳುತ್ತದೆ ಎನ್ನುವುದಕ್ಕೆ ಆಧಾರವೇನು?

ಕಾಯಿಲೆಯ ಭಯಕ್ಕೆ ಉತ್ತರ ಬೇರೆ. ಜನ ಹೆಚ್ಚಾಗಿ ಹೆದರುವುದು ಕ್ಷಯಕ್ಕೆ. ಕ್ಷಯ ಹರಡುವುದು ರೋಗಿಯ ಕೆಮ್ಮಿನಿಂದ ಗಾಳಿಯ ಮೂಲಕ, ಮಂಚ ಕುರ್ಚಿ ಮುಟ್ಟಿದ್ದರಿಂದಲ್ಲ. ಹತ್ತಿ, ನಾರು, ಬಟ್ಟೆಯ ಭಾಗಗಳನ್ನು ತೆಗೆದುಹಾಕಿ, ಮರವನ್ನು ಸೋಪಿನ ನೀರಿನಲ್ಲಿ ಒರೆಸಿ, ಒಣಗಿಸಿ, ಕೆರೆದು ಪಾಲಿಶ್ ಮಾಡಿದ ಮೇಲೆ ಅಲ್ಲಿ ರೋಗ ಉಳಿಯಲು ಜಾಗವೇ ಇರುವುದಿಲ್ಲ. ಇಷ್ಟಾದರೂ ಮನೆಯ ಹಿರಿಯರಿಗೆ ಸಮಾಧಾನವಾಗದಿದ್ದರೆ ಅರಿಶಿನ ಕುಂಕುಮ ಇಟ್ಟು ಪೂಜೆ ಮಾಡಿ ಒಳಗೆ ತನ್ನಿ. ಅದರಿಂದ ಮರಕ್ಕೆ ನಷ್ಟವಿಲ್ಲ, ಮನೆಗೆ ನೆಮ್ಮದಿಯಿದೆ.

ತಪ್ಪು ಕಲ್ಪನೆ: ಶನಿವಾರ ಕಬ್ಬಿಣದ ಬೀರು ತರಬಾರದು.

ವಾಸ್ತವ: ವಾರ ಯಾವುದಾದರೂ ಬೀರು ಅದೇ. ನಂಬಿಕೆಯಿದ್ದವರು ಭಾನುವಾರ ತರಿಸಿಕೊಳ್ಳಲಿ. ನಿಜವಾಗಿ ನೋಡಬೇಕಾದದ್ದು ತಳದ ತಗಡು ಮತ್ತು ಕಾಲುಗಳ ಬುಡ, ನೆಲ ಒರೆಸಿದ ನೀರು ತಾಗಿ ತುಕ್ಕು ಮೊದಲು ತಿನ್ನುವುದು ಅಲ್ಲೇ. ಬಾಗಿಲು ತಾನಾಗಿ ಹೊಂದಿ ಕೂರುತ್ತದೆಯೇ ನೋಡಿ, ಬೀಗ ಬದಲಿಸಿ.

ತಪ್ಪು ಕಲ್ಪನೆ: ಅಲುಗಾಡುವ ಕುರ್ಚಿಗೆ ನಾಲ್ಕು ಮೊಳೆ ಹೊಡೆದರೆ ಸಾಕು.

ವಾಸ್ತವ: ಮೊಳೆ ಕುರ್ಚಿಯನ್ನು ಕೊಲ್ಲುತ್ತದೆ. ಹಳೆಯ ಕುರ್ಚಿಗಳಲ್ಲಿ ಒಂದು ಮರದ ತುದಿಯನ್ನು ಇನ್ನೊಂದರ ಕುಳಿಯೊಳಗೆ ಕೂರಿಸಿ ಅಂಟು ಹಾಕಿರುತ್ತಾರೆ. ಅಲುಗಾಡುತ್ತಿದೆ ಎಂದರೆ ಅಂಟು ಸತ್ತಿದೆ, ಮರವಲ್ಲ. ಮೊಳೆ ಹೊಡೆದಾಗ ಆ ತುದಿ ಸೀಳುತ್ತದೆ, ಮತ್ತೆ ರಿಪೇರಿ ಮಾಡಬೇಕೆಂದರೂ ಆಗದಂತಾಗುತ್ತದೆ. ಸರಿಯಾದ ಕ್ರಮ ನಿಧಾನದ್ದು, ಆದರೆ ಕಷ್ಟದ್ದಲ್ಲ. ಮರದ ಸುತ್ತಿಗೆಯಿಂದ, ನಡುವೆ ಬಟ್ಟೆಯಿಟ್ಟು, ಮೆಲ್ಲಗೆ ತಟ್ಟಿ ಬಿಚ್ಚಬೇಕು. ಹಿಂದಿನ ಕಾಲದ ಅಂಟು ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿ ಮಾಡಿದ್ದು. ಬಿಸಿನೀರಿನ ಬಟ್ಟೆ ಸುತ್ತಿದರೆ ಮೆತ್ತಗಾಗುತ್ತದೆ. ಹಳೇ ಅಂಟನ್ನು ಪೂರ್ತಿ ಕೆರೆದು ತೆಗೆಯಬೇಕು, ಏಕೆಂದರೆ ಫೆವಿಕಾಲ್ ಹಿಡಿಯುವುದು ಮರಕ್ಕೆ, ಹಳೇ ಅಂಟಿನ ಪದರಕ್ಕಲ್ಲ. ಆಮೇಲೆ ಹೊಸ ಅಂಟು ಹಚ್ಚಿ ಕೂಡಿಸಿ, ಸುತ್ತ ಹಗ್ಗ ಕಟ್ಟಿ, ಹಗ್ಗದ ನಡುವೆ ಕೋಲು ತೂರಿಸಿ ತಿರುಚಿ ಬಿಗಿ ಮಾಡಿ ಒಂದು ದಿನ ಬಿಡಬೇಕು. ಕುರ್ಚಿಯನ್ನು ಸಮತಟ್ಟು ನೆಲದ ಮೇಲಿಟ್ಟೇ ಬಿಗಿಯಬೇಕು, ಇಲ್ಲವಾದರೆ ಓರೆಯಾಗಿ ಒಣಗುತ್ತದೆ. ಪಾರ್ಟಿಕಲ್ ಬೋರ್ಡಿಗೆ ಈ ಭಾಗ್ಯವಿಲ್ಲ. ನೀರು ಕುಡಿದು ಉಬ್ಬಿದ, ಸ್ಕ್ರೂ ತೂತು ಪುಡಿಯಾದ ಹಲಗೆಯನ್ನು ಯಾವ ಬಡಗಿಯೂ ಮೊದಲಿನಂತೆ ಮಾಡಲಾರ.

ತಪ್ಪು ಕಲ್ಪನೆ: ತೆಂಗಿನೆಣ್ಣೆ ಸವರಿದರೆ ಮರ ಎಣ್ಣೆ ಕುಡಿದು ಗಟ್ಟಿಯಾಗುತ್ತದೆ.

ವಾಸ್ತವ: ತೆಂಗಿನೆಣ್ಣೆ ಒಣಗುವ ಎಣ್ಣೆಯಲ್ಲ. ಸವರಿದ ದಿನ ಹೊಳಪು, ಆಮೇಲೆ ಧೂಳು ಕೂತು ಅಂಟು ಕೊಳೆ. ಮುಂದೆ ಪಾಲಿಶ್ ಮಾಡುವವನಿಗೂ ಅದನ್ನು ತೆಗೆಯುವುದೇ ದೊಡ್ಡ ಕೆಲಸ. ಅಗಸೆ ಎಣ್ಣೆಯ ಗುಣ ಬೇರೆ. ಅದು ಗಾಳಿಯ ಆಮ್ಲಜನಕ ಹೀರಿ ಮರದೊಳಗೇ ಗಟ್ಟಿಯಾಗುತ್ತದೆ. ಬಣ್ಣದ ಅಂಗಡಿಯಲ್ಲಿ ಲಿನ್ಸೀಡ್ ಆಯಿಲ್ ಎಂದು ಸಿಗುತ್ತದೆ. ತೆಳುವಾಗಿ ಹಚ್ಚಿ, ಹೆಚ್ಚಾದದ್ದನ್ನು ಒರೆಸಬೇಕು. ಒಂದು ಎಚ್ಚರಿಕೆ ಮಾತ್ರ ಮರೆಯಬಾರದು: ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನಾಗಿಯೇ ಕಾವೇರಿ ಹೊತ್ತಿಕೊಳ್ಳಬಹುದು. ನೀರಿನಲ್ಲಿ ನೆನೆಸಿಡಿ, ಇಲ್ಲವೇ ಹೊರಗೆ ಹರಡಿ ಒಣಗಿಸಿ. ಕರಾವಳಿಯಲ್ಲಿ ಮಾಡಿನ ಪಕ್ಕಾಸುಗಳಿಗೆ ಬಳಿಯುವ ಗೇರೆಣ್ಣೆ ಹುಳುವನ್ನೇನೋ ದೂರವಿಡುತ್ತದೆ, ಆದರೆ ಚರ್ಮ ಸುಡುತ್ತದೆ. ಕೂರುವ, ಮಲಗುವ ಸಾಮಾನಿಗೆ ಅದು ಸಲ್ಲ.

ತಪ್ಪು ಕಲ್ಪನೆ: ಹಳೇ ಪಾಲಿಶ್ ಹಾಳಾದರೆ ಬುಡದವರೆಗೂ ಉಜ್ಜಿ ತೆಗೆಯಲೇಬೇಕು.

ವಾಸ್ತವ: ಮೊದಲು ಯಾವ ಪಾಲಿಶ್ ಎಂದು ತಿಳಿಯಬೇಕು. ಕಾಣದ ಜಾಗದಲ್ಲಿ ಒಂದು ತೊಟ್ಟು ಸ್ಪಿರಿಟ್ ಹಾಕಿ. ಅಂಟಂಟಾದರೆ ಅದು ಅರಗಿನ ಪಾಲಿಶ್, ಫ್ರೆಂಚ್ ಪಾಲಿಶ್ ಎನ್ನುತ್ತಾರಲ್ಲ ಅದೇ. ಚನ್ನಪಟ್ಟಣದ ಬೊಂಬೆಗಳಿಗೆ ಹೊಳಪು ಕೊಡುವ ಅರಗೇ ಇಲ್ಲಿ ಸ್ಪಿರಿಟ್‌ನಲ್ಲಿ ಕರಗಿರುತ್ತದೆ. ಇದರ ದೊಡ್ಡ ಗುಣವೆಂದರೆ ಹೊಸ ಪದರ ಹಳೆಯದನ್ನು ಕರಗಿಸಿ ಅದರೊಂದಿಗೆ ಬೆರೆಯುತ್ತದೆ. ಗೀರು ಬಿದ್ದ ಜಾಗಕ್ಕಷ್ಟೇ ತೇಪೆ ಹಾಕಬಹುದು. ಬಿಸಿ ಲೋಟದ ಬಿಳಿ ಉಂಗುರವೂ ಸ್ಪಿರಿಟ್ ತಾಗಿಸಿದ ಬಟ್ಟೆಯಿಂದ ಹಗುರವಾಗಿ ಸವರಿದರೆ ಎಷ್ಟೋ ಸಲ ಹೋಗುತ್ತದೆ. ಸ್ಪಿರಿಟ್‌ಗೆ ಕರಗದಿದ್ದರೆ ಮೆಲಮೈನ್ ಅಥವಾ ಪಿಯು, ಅದನ್ನು ಉಜ್ಜಿಯೇ ತೆಗೆಯಬೇಕು. ಉಪ್ಪು ಕಾಗದ ಉಜ್ಜುವಾಗ ಎಳೆಯ ದಿಕ್ಕಿನಲ್ಲೇ ಉಜ್ಜಿ. ಅಡ್ಡ ಉಜ್ಜಿದ ಗೀರು ಪಾಲಿಶ್ ಬಿದ್ದ ಮೇಲೆ ಎದ್ದು ಕಾಣುತ್ತದೆ. 120ರ ಕಾಗದದಿಂದ ಶುರುಮಾಡಿ 220ರಲ್ಲಿ ಮುಗಿಸಿದರೆ ಮನೆ ಬಳಕೆಗೆ ಸಾಕು.

ತಪ್ಪು ಕಲ್ಪನೆ: ಬೆತ್ತ ಹರಿದ ಕುರ್ಚಿ ಗುಜರಿಗೇ ಸರಿ.

ವಾಸ್ತವ: ಬೆತ್ತದ ಹೆಣಿಗೆ ಸವೆಯಲೆಂದೇ ಇರುವುದು, ಚೌಕಟ್ಟು ಉಳಿಯಲೆಂದು. ಹರಿದದ್ದನ್ನು ಕಿತ್ತು ಮತ್ತೆ ಹೆಣೆಸಬಹುದು. ಹೆಣೆಯುವವರು ಕಡಿಮೆಯಾಗಿದ್ದಾರೆ, ಇಲ್ಲವಾಗಿಲ್ಲ. ಅಂಧರ ಶಾಲೆಗಳಲ್ಲಿ ಕಲಿಸುತ್ತಿದ್ದ ಕಸುಬು ಇದು. ಹರಿಯದೆ ಜೋಲು ಬಿದ್ದಿದ್ದರೆ ಅಷ್ಟೂ ಬೇಡ. ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಕೆಳಗಿನಿಂದ ಚೆನ್ನಾಗಿ ತೇವ ಮಾಡಿ ನೆರಳಲ್ಲಿ ಒಣಗಲು ಬಿಡಿ. ಬೆತ್ತ ಕುಗ್ಗಿ ಬಿಗಿಯಾಗುತ್ತದೆ.

ತಪ್ಪು ಕಲ್ಪನೆ: ಸೆಕೆಂಡ್ ಹ್ಯಾಂಡ್ ಎಂದ ಮೇಲೆ ಅಗ್ಗವೇ.

ವಾಸ್ತವ: ಅಂಗಡಿಯವರು ಹೇಳುವುದು ಮೊದಲ ಬೆಲೆ ಮಾತ್ರ. ಗೂಡ್ಸ್ ಆಟೋ ಬಾಡಿಗೆ, ಮೂರನೇ ಮಹಡಿಗೆ ಹೊತ್ತವರ ಕೂಲಿ, ಬಡಗಿ, ಪಾಲಿಶ್, ಸೋಫಾ ಆದರೆ ಫೋಮ್ ಮತ್ತು ಬಟ್ಟೆ, ಇವೆಲ್ಲ ಸೇರಿದ್ದು ಅದರ ನಿಜವಾದ ಬೆಲೆ. ಸೋಫಾದಲ್ಲಿ ಎಷ್ಟೋ ಸಲ ಹೊದಿಕೆಯ ಖರ್ಚೇ ಸೋಫಾದ ಬೆಲೆ ಮೀರುತ್ತದೆ. ಆದ್ದರಿಂದ ಮುಂಗಡ ಕೊಡುವ ಮೊದಲು ನಾಲ್ಕು ಕಡೆಯಿಂದ ಫೋಟೋ ತೆಗೆದು ಪಾಲಿಶ್‌ನವರಿಗೆ ತೋರಿಸಿ ಖರ್ಚು ಕೇಳಿ. ಬಾಗಿಲಿನ ಅಗಲ ಅಳೆಯಿರಿ. ಬಿಚ್ಚಲಾಗದ ಬೀರು ಮೆಟ್ಟಿಲ ತಿರುವಿನಲ್ಲಿ ನಿಂತುಬಿಟ್ಟರೆ ಅದು ಯಾವ ಬೆಲೆಗೂ ಅಗ್ಗವಲ್ಲ. ಬರಿ ಮರದ ಕುರ್ಚಿ, ಮೇಜು, ಬೆಂಚು, ಪುಸ್ತಕದ ಕಪಾಟುಗಳಲ್ಲಿ ಮಾತ್ರ ಲೆಕ್ಕ ಹೆಚ್ಚಾಗಿ ನಮ್ಮ ಕಡೆಗೇ ವಾಲುತ್ತದೆ, ಮೊದಲ ಸಲ ಕೊಳ್ಳುವವರು ಅಲ್ಲಿಂದ ಶುರುಮಾಡುವುದು ಒಳ್ಳೆಯದು.

ತಪ್ಪು ಕಲ್ಪನೆ: ಬಣ್ಣದ ಹಳೇ ತೊಟ್ಟಿಲು, ಮಕ್ಕಳ ಮಂಚಗಳಿಗೆ ಹಳೇ ಬಣ್ಣ ಉಜ್ಜಿ ಹೊಸ ಬಣ್ಣ ಹೊಡೆದರಾಯಿತು.

ವಾಸ್ತವ: ಈ ಒಂದು ವಿಷಯದಲ್ಲಿ ನಮ್ಮ ಜನ ಹೆದರಬೇಕಾದಷ್ಟು ಹೆದರುತ್ತಿಲ್ಲ. ಮನೆಬಳಕೆಯ ಬಣ್ಣದಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಭಾರತದಲ್ಲಿ ಬಂದದ್ದು 2016ರಲ್ಲಿ, ತಯಾರಕರಿಗೆ ಅನ್ವಯವಾದದ್ದು 2017ರ ನವೆಂಬರಿನಿಂದ. ಅದಕ್ಕೂ ಹಿಂದಿನ ಎನಾಮೆಲ್ ಬಣ್ಣಗಳಲ್ಲಿ, ಮುಖ್ಯವಾಗಿ ಹಳದಿ, ಕೆಂಪು, ಹಸಿರುಗಳಲ್ಲಿ, ಸೀಸ ಎಷ್ಟೋ ಪಟ್ಟು ಹೆಚ್ಚಿರಬಹುದು. ಹಲ್ಲು ಬರುವ ಮಗು ತೊಟ್ಟಿಲ ಅಂಚನ್ನೇ ಕಚ್ಚುತ್ತದೆ. ಸೀಸ ಮಗುವಿನ ಮೆದುಳಿನ ಬೆಳವಣಿಗೆಯನ್ನು ಕುಂದಿಸುತ್ತದೆ. ಮನೆಯೊಳಗೆ ಆ ಬಣ್ಣವನ್ನು ಒಣದಾಗಿ ಉಜ್ಜಿದರೆ ಅದರ ಧೂಳು ನೆಲದ ಮೇಲೆ, ಮಗುವಿನ ಕೈಗೆ, ಬಾಯಿಗೆ ಹೋಗುತ್ತದೆ. ಮನೆಯಲ್ಲಿ ಬಸುರಿ, ಮಕ್ಕಳು ಇದ್ದರೆ ಈ ಕೆಲಸ ಅಲ್ಲಿ ಆಗಲೇಬಾರದು. ಹೊರಗೆ, ನೀರು ಹಚ್ಚಿ ತೇವದಲ್ಲೇ ಉಜ್ಜುವ ಕಾಗದದಿಂದ, ಒಳ್ಳೆಯ ಮಾಸ್ಕ್ ತೊಟ್ಟು, ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ ಮಾಡಬೇಕು. ಉದುರಿದ್ದನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು. ಬೆಂಕಿಯಿಂದ ಕಾಯಿಸಿ ಬಣ್ಣ ಎಬ್ಬಿಸುವುದಂತೂ ಬೇಡವೇ ಬೇಡ, ಆ ಹೊಗೆಯಲ್ಲೂ ಸೀಸವಿರುತ್ತದೆ. ಕಲಘಟಗಿಯ ಚಿತ್ತಾರದಂಥ ಬಣ್ಣದ ತೊಟ್ಟಿಲು ಮನೆತನದಲ್ಲಿ ಉಳಿದುಬಂದಿದ್ದರೆ ಅದನ್ನು ಉಜ್ಜಿ ಹಾಳುಮಾಡುವುದೂ ಬೇಡ. ನಾಮಕರಣದ ದಿನ ಕಟ್ಟಿ, ಹಾಡು ಹೇಳಿ, ಆಮೇಲೆ ಇಳಿಸಿ ಒಳಗಿಡಿ. ಮಗು ದಿನವೂ ಮಲಗಲು ಸೀರೆಯ ಜೋಲಿ ಇದೆ, ಬಣ್ಣವಿಲ್ಲದ ಮರದ ತೊಟ್ಟಿಲೂ ಇದೆ.